ದೂರವಾಣಿ ನಗರದ ಹಾಡುಗಾರ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆ ಹೋಗಿದ್ದೆ. ಕೃಷ್ಣರಾಜಪುರದ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಹಳೇ ಮದರಾಸು ರಸ್ತೆಯಲ್ಲಿ ಆಟೋ ಹಿಡಿದಾಗ ಐ.ಟಿ.ಐ. ಕಾರ್ಖಾನೆಯ ಉದ್ದನೆಯ ಕಾಂಪೌಂಡು ಗೋಡೆ ಕಣ್ಣಿಗೆ ಬಿತ್ತು. ನಾನು ಈ ಭಾಗದ ಪ್ರೌಢಶಾಲೆಯೊಂದಕ್ಕೆ ಸಮಾಜ ವಿಜ್ಞಾನದ ಅಧ್ಯಾಪಕನಾಗಿ ಬಂದದ್ದು 1984ರಲ್ಲಿ. ಆಗ ಪಾಳಿ ಬಿಡುವ ಹೊತ್ತಿಗೆ ಈ ಗೇಟಿನಿಂದ ಸೈಕಲ್ಲುಗಳ ಹೊಳೆಯೇ ಹರಿಯುತ್ತಿತ್ತು. ನನ್ನ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಅರ್ಧದಷ್ಟು ಜನ ಆ ಸೈಕಲ್ಲುಗಳ ಮಕ್ಕಳೇ. ಈಗ ಆ ರಸ್ತೆಯ ದಟ್ಟಣೆಯೆಲ್ಲ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಗಳ ಕಡೆಗೆ ಹೋಗುವವರದು.

ಐ.ಟಿ.ಐ., ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948ರಲ್ಲಿ ಸ್ಥಾಪನೆಯಾದದ್ದು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಎಂಬ ಹೆಗ್ಗಳಿಕೆ ಅದರದು. ದೇಶದ ಅಂಚೆ ಕಚೇರಿಗಳಲ್ಲಿಯೂ ಉಳ್ಳವರ ಮನೆಗಳಲ್ಲಿಯೂ ಕುಳಿತಿದ್ದ ಆ ಭಾರವಾದ ಕಪ್ಪು ಟೆಲಿಫೋನುಗಳು ಇಲ್ಲಿ ತಯಾರಾಗುತ್ತಿದ್ದವು. ಆದ್ದರಿಂದಲೇ ಆ ಬಡಾವಣೆಗೆ ದೂರವಾಣಿ ನಗರವೆಂಬ ಹೆಸರು. ಆ ಕಾರ್ಖಾನೆಯಿಂದ ಟೆಲಿಫೋನಿನ ಜೊತೆಗೆ ಮತ್ತೊಂದು ವಾಣಿಯೂ ಕನ್ನಡ ನಾಡಿನ ಮನೆಮನೆಗೆ ಹೋಯಿತು ಎಂಬುದನ್ನು ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಬಲ್ಲರೋ ತಿಳಿಯದು. ಗಾಯಕ, ಸಂಗೀತ ನಿರ್ದೇಶಕ ಸಿ. ಅಶ್ವತ್ಥ್ ಅವರು ಅಲ್ಲಿಯೇ 27 ವರ್ಷ ನೌಕರಿ ಮಾಡಿದವರು.

ಮೊದಲು ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ. 1986ರ ಸುಮಾರಿಗೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪ್ರಾರ್ಥನೆಯ ಸಾಲಿನಲ್ಲಿ ನಿಂತು ಅವನು ದನಿ ಎತ್ತಿದರೆ ಉಳಿದವರು ತಾವಾಗಿಯೇ ಸುಮ್ಮನಾಗುತ್ತಿದ್ದರು. ಗಣಿತದಲ್ಲಿ ಮಾತ್ರ ಹಿಂದೆ. ಅವನ ತಂದೆಯನ್ನು ಕರೆಸಿ, “ಹಾಡು ಅನ್ನ ಕೊಡುವುದಿಲ್ಲ, ಈ ಗೀಳು ಬಿಡಿಸಿ” ಎಂದೆ. ಕಾರ್ಖಾನೆಯ ಸಮವಸ್ತ್ರದಲ್ಲಿಯೇ ಬಂದಿದ್ದ ಆ ಸಂಕೋಚದ ಮನುಷ್ಯ, “ನಮ್ಮ ಫ್ಯಾಕ್ಟರಿಯಲ್ಲಿ ಒಬ್ಬ ಸಾಹೇಬರು ಹಾಡ್ತಾರೆ ಸಾರ್, ಕೆಲಸಾನೂ ಮಾಡ್ತಾರೆ” ಎಂದು ಮೆಲ್ಲನೆ ನುಡಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗ ಹಾಡು ಬಿಟ್ಟ.

ಆ ‘ಸಾಹೇಬರು’ ಯಾರೆಂದು ನನಗೆ ಅರಿವಾದದ್ದು ಎಷ್ಟೋ ವರ್ಷಗಳ ಮೇಲೆ.

ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದರು. ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಹೊಟ್ಟೆಪಾಡಿಗೆ ಐ.ಟಿ.ಐ. ಸೇರಿ, ವಿಭಾಗೀಯ ವ್ಯವಸ್ಥಾಪಕರ ಹುದ್ದೆಯವರೆಗೆ ಏರಿದರು. ಹಗಲು ಕಾರ್ಖಾನೆ, ಸಂಜೆ ನಾಟಕದ ತಾಲೀಮು, ರಾತ್ರಿ ಹಾರ್ಮೋನಿಯಂ. ರಂಗಭೂಮಿಯೇ ಅವರ ಸಂಗೀತದ ಮೊದಲ ಪಾಠಶಾಲೆ. 1977ರಲ್ಲಿ ಸಿ.ಆರ್. ಸಿಂಹ ಅವರು ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ ಸಂಗೀತ ನೀಡಿದವರು ಈ ಕಾರ್ಖಾನೆಯ ನೌಕರರೇ.

ಮುಂದೆ ಎಲ್. ವೈದ್ಯನಾಥನ್ ಅವರೊಡನೆ ‘ಅಶ್ವತ್ಥ್–ವೈದಿ’ ಎಂಬ ಜೋಡಿ ಹೆಸರಿನಲ್ಲಿ ಹಲವು ಚಿತ್ರಗಳಿಗೆ ರಾಗ ಹಾಕಿದರು. 1981ರ ‘ಆಲೆಮನೆ’ಯ ಹಾಡುಗಳನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ಇದೇ ವೈದ್ಯನಾಥನ್ ಅವರು ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೂ ಸಂಗೀತ ನೀಡಿದರು. ಆ ಶೀರ್ಷಿಕೆಯ ರಾಗ ಕೇಳಿದರೆ ಸಾಕು, ಆಟದ ಬಯಲಿನಲ್ಲಿದ್ದ ಮಕ್ಕಳು ಟಿ.ವಿ. ಇದ್ದ ಮನೆಯ ಜಗಲಿಗೆ ಓಡುತ್ತಿದ್ದರು.

ಅಶ್ವತ್ಥ್ ಅವರ ಹಿರಿಮೆಯನ್ನು ತಿಳಿಯಲು ಸ್ವಲ್ಪ ಹಿಂದಿನ ಇತಿಹಾಸವೂ ಬೇಕು. ಕನ್ನಡ ಕವಿತೆಯನ್ನು ಪುಸ್ತಕದಿಂದ ವೇದಿಕೆಗೆ ತಂದವರಲ್ಲಿ ಪಿ. ಕಾಳಿಂಗರಾಯರು ಮೊದಲಿಗರು. ಅನಂತರ ಮೈಸೂರು ಅನಂತಸ್ವಾಮಿಯವರು ಅದಕ್ಕೆ ಮೆಲುದನಿಯ ಮಾಧುರ್ಯ ಕೊಟ್ಟರು. ಅಶ್ವತ್ಥ್ ಆ ದಾರಿಯಲ್ಲಿಯೇ ಬಂದರೂ ಅವರ ಕಂಠ ಬೇರೆ. ತಾರಸ್ಥಾಯಿಗೆ ಏರಿ, ಬಯಲಿನಲ್ಲಿ ನಿಂತು ಕೂಗಿ ಕರೆದಂತೆ ಹಾಡುವವರು. ಮೈಕು ಕೆಟ್ಟರೂ ಕೊನೆಯ ಸಾಲಿಗೆ ಕೇಳುವಂಥ ದನಿ. ಅದು ಒರಟು ಎಂದು ಮೂಗು ಮುರಿದವರೂ ಇದ್ದರು. ಆದರೆ ಶಿಶುನಾಳದ ಷರೀಫರ ತತ್ತ್ವಪದಗಳಿಗೆ ಅಂಥ ದನಿಯೇ ಬೇಕಾಗಿತ್ತು. 1819ರಿಂದ 1889ರವರೆಗೆ ಬಾಳಿದ ಆ ಸಂತನ ಪದಗಳು ಬಹುಕಾಲ ಉತ್ತರ ಕರ್ನಾಟಕದ ಭಜನೆಯ ಮೇಳಗಳಲ್ಲಿಯೇ ಉಳಿದಿದ್ದವು. ಅವನ್ನು ಎಲ್ಲರಿಗೂ ಮುಟ್ಟಿಸುವ ಕೆಲಸದಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಪಾಲೂ, ಅಶ್ವತ್ಥರ ಕಂಠದ ಪಾಲೂ ದೊಡ್ಡದು.

1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ ತೆರೆಗೆ ಬಂತು. ಷರೀಫನಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ್. ತೆರೆಯ ಮೇಲೆ ತುಟಿ ಶ್ರೀಧರ್ ಅವರದು, ಉಸಿರು ಅಶ್ವತ್ಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿ ಆ ಚಿತ್ರಕ್ಕೆ ಸಂದಿತು. ಅನಂತರ ಬಂದ ‘ಮೈಸೂರು ಮಲ್ಲಿಗೆ’ ಚಿತ್ರದ ಗೀತೆಗಳಿಗಾಗಿ ಕೆ.ಎಸ್. ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಅಲ್ಲಿಯೂ ಸಂಗೀತ ಅಶ್ವತ್ಥರದೇ. 1993ರ ‘ಚಿನ್ನಾರಿ ಮುತ್ತ’ದಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಪದ್ಯಗಳಿಗೆ ಅವರು ಹಾಕಿದ ರಾಗಗಳನ್ನು ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡದ ವರ್ಷವೇ ಇರಲಿಲ್ಲ. ನಿಮ್ಮಲ್ಲಿ ಕೆಲವರು ತಲೆಗೆ ವಸ್ತ್ರ ಸುತ್ತಿಕೊಂಡು ಕುಣಿದದ್ದು ನನಗಿನ್ನೂ ನೆನಪಿದೆ!

ಈ ಹೊತ್ತಿಗೆ ಕನ್ನಡದ ಮನೆಗಳಲ್ಲಿ ಧಾರಾವಾಹಿಗಳ ಯುಗ ಆರಂಭವಾಗಿತ್ತು. ದೂರದರ್ಶನದ ಜೊತೆಗೆ 1994ರಲ್ಲಿ ಉದಯ ಟಿ.ವಿ. ಬಂತು. 1998ರಲ್ಲಿ ‘ಮಾಯಾಮೃಗ’ ಪ್ರಸಾರವಾಗತೊಡಗಿದಾಗ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಆ ಹೊತ್ತಿಗೆ ನಲ್ಲಿಯ ನೀರು ಹಿಡಿಯುವವರೂ ಇರುತ್ತಿರಲಿಲ್ಲ. ಧಾರಾವಾಹಿಗಳಿಗೆ ಶೀರ್ಷಿಕೆ ಗೀತೆ ಬರೆದವರು ವೆಂಕಟೇಶಮೂರ್ತಿಯವರಂಥ ಕವಿಗಳು. ರಾಗ ಹಾಕಿದವರು, ಹಾಡಿದವರು ಸುಗಮ ಸಂಗೀತದವರು. ಅಶ್ವತ್ಥರೂ ಧಾರಾವಾಹಿಗಳಿಗೆ ಸಂಗೀತ ಕೊಟ್ಟರು. ಕವಿಯ ಹೆಸರನ್ನೇ ಕೇಳದ ಗೃಹಿಣಿಯರು ಪಾತ್ರೆ ತೊಳೆಯುತ್ತ ಭಾವಗೀತೆ ಗುನುಗಿದರಲ್ಲ, ಅದು ಸಣ್ಣ ಸಂಗತಿಯಲ್ಲ.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಯಿತು. ಕನ್ನಡ ಕವಿಗಳ ಪದ್ಯಗಳನ್ನು ಕೇಳಲು ಅಷ್ಟು ದೊಡ್ಡ ಮೈದಾನ ತುಂಬಿತು. ಐ.ಟಿ. ನಗರದಲ್ಲಿ ಕನ್ನಡ ಉಳಿದೀತೇ ಎಂದು ನಾವೆಲ್ಲ ಕೊರಗುತ್ತಿದ್ದ ಕಾಲವದು.

2009ರ ಡಿಸೆಂಬರ್ 29ರಂದು, ತಮ್ಮ 70ನೆಯ ಹುಟ್ಟುಹಬ್ಬದ ದಿನವೇ, ಅಶ್ವತ್ಥ್ ತೀರಿಕೊಂಡರು. ಮರುದಿನ ಬೆಳಗಿನ ಜಾವ ನಟ ವಿಷ್ಣುವರ್ಧನ್ ನಿಧನರಾದರು. ನಾಡೆಲ್ಲ ಆ ದುಃಖದಲ್ಲಿ ಮುಳುಗಿತು, ಹಾಡುಗಾರನಿಗಾಗಿ ಅಳಲು ಜನರಿಗೆ ಸಿಕ್ಕಿದ್ದು ಒಂದೇ ದಿನ. ಮೂರು ವಾರಗಳಲ್ಲಿ ಹಿರಿಯ ನಟ ಕೆ.ಎಸ್. ಅಶ್ವಥ್ ಅವರೂ ಹೋದಾಗ, ಇಬ್ಬರ ಹೆಸರನ್ನೂ ಬೆರೆಸಿ ಮಾತನಾಡಿದವರನ್ನು ನಾನೇ ಕಂಡಿದ್ದೇನೆ.

ಅಶ್ವತ್ಥರ ಬಾಳನ್ನು ನೆನೆದಾಗ ನನಗೆ ಅನಿಸುವುದಿಷ್ಟು. ಆ 27 ವರ್ಷಗಳ ಸಂಬಳ ಅವರ ಹಾಡಿಗೆ ಅಡ್ಡಿಯಾಗಲಿಲ್ಲ, ಆಸರೆಯಾಯಿತು. ತಿಂಗಳ ಮೊದಲ ವಾರ ಮನೆಗೆ ಅಕ್ಕಿ ಬರುತ್ತದೆಂಬ ಧೈರ್ಯವಿದ್ದವನು ಷರೀಫರನ್ನೂ ನರಸಿಂಹಸ್ವಾಮಿಯವರನ್ನೂ ಹಾಡಬಲ್ಲ, ಮಾರುಕಟ್ಟೆ ಕೇಳಿದ್ದನ್ನೇ ಹಾಡಬೇಕಿಲ್ಲ. ಹಾಡು ಬೇಕೋ ಅನ್ನ ಬೇಕೋ ಎಂದು ನಾನು ಆ ಹುಡುಗನ ಮುಂದಿಟ್ಟ ಪ್ರಶ್ನೆಯೇ ತಪ್ಪಾಗಿತ್ತು. ಅದಕ್ಕೆ ಉತ್ತರ ಶಾಲೆಯ ಪಕ್ಕದ ಕಾರ್ಖಾನೆಯಲ್ಲಿಯೇ ಇತ್ತು. ಇತಿಹಾಸ ಪಾಠ ಮಾಡುವ ನನಗೆ ಪಕ್ಕದ ಗೋಡೆಯಾಚೆಯ ಇತಿಹಾಸ ಕಾಣಲಿಲ್ಲ.

ಕಳೆದ ತಿಂಗಳ ಮದುವೆ ಆ ಹುಡುಗನ ಮಗಳದೇ. ಈಗ ಅವನ ಕೂದಲೂ ನರೆತಿದೆ. ಊಟದ ನಂತರ ವಾದ್ಯಗೋಷ್ಠಿಯವರು ಷರೀಫರ ಪದವೊಂದನ್ನು ಅಶ್ವತ್ಥರ ಧಾಟಿಯಲ್ಲಿಯೇ ಎತ್ತಿಕೊಂಡರು. “ನೀನೂ ಹೋಗಿ ಹಾಡಯ್ಯ” ಎಂದೆ. “ದನಿ ಹೋಯ್ತು ಸಾರ್, ಬಿಟ್ಟು ಎಷ್ಟು ವರ್ಷ ಆಯ್ತು” ಎಂದು ನಕ್ಕ. ಆ ನಗುವಿನಲ್ಲಿ ದೂರು ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಕ್ಷಮೆ ಕೇಳಬೇಕೆಂದುಕೊಂಡೆ, ನಾಲಿಗೆ ಏಳಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಇದನ್ನು ಓದುತ್ತಿದ್ದೀಯಾದರೆ, ನಿನ್ನ ಮೇಷ್ಟ್ರು ಅಂದು ಹೇಳಿದ್ದು ತಪ್ಪು. ಮೊಮ್ಮಗು ಬಂದಾಗಲಾದರೂ ಲಾಲಿ ಹಾಡುವೆಯಂತೆ.