ಗಾಯ ಓದುವ ವಿದ್ಯೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಎಷ್ಟೋ ಸಂಸಾರಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಇದೇ ಮಾತು ಪೊಲೀಸ್ ಠಾಣೆಯ ಮೇಜಿನ ಹಿಂದೆ ಕುಳಿತವರ ಬಾಯಿಂದಲೋ, ಆಸ್ಪತ್ರೆಯಲ್ಲಿ ಚೀಟಿ ಬರೆಯುವವರ ಬಾಯಿಂದಲೋ ಬಂದಾಗ ಅದು ಗಾದೆಯಾಗಿ ಉಳಿಯುವುದಿಲ್ಲ, ತೀರ್ಪಾಗುತ್ತದೆ. ನೆರವು ಕೇಳಿ ಬಂದ ಹೆಂಗಸು ಬಂದ ದಾರಿಯಲ್ಲೇ ಹಿಂದಿರುಗುತ್ತಾಳೆ.

ಗುಬ್ಬಿಯಂಥ ತಾಲ್ಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಬೆಳಗಿನ ಹೊತ್ತನ್ನು ಊಹಿಸಿಕೊಳ್ಳಬಹುದು. ಸಾಲಿನಲ್ಲಿ ನಿಂತಾಕೆಯ ಮುಂಗೈ ಊದಿದೆ, ಕಣ್ಣಿನ ಕೆಳಗೆ ನೀಲಿಗಟ್ಟಿದೆ. ಪಕ್ಕದಲ್ಲಿ ಅತ್ತೆ. ಏನಾಯಿತೆಂದು ಕೇಳಿದರೆ 'ಬಚ್ಚಲಲ್ಲಿ ಜಾರಿ ಬಿದ್ದೆ' ಎಂಬ ಉತ್ತರ. ವೈದ್ಯರಿಗೆ ಇನ್ನೂ ನೂರು ಮಂದಿಯನ್ನು ನೋಡುವುದಿದೆ. ಮುಲಾಮು, ನೋವಿನ ಮಾತ್ರೆ, ಮುಂದಿನ ಚೀಟಿ. ಬಚ್ಚಲಲ್ಲಿ ಜಾರಿದವರಿಗೆ ಎರಡು ಮುಂಗೈಗಳ ಹೊರಬದಿಯಲ್ಲೂ ಏಟು ಬೀಳುವುದು ಅಪರೂಪ. ಮುಖಕ್ಕೆ ಬರುವ ಹೊಡೆತವನ್ನು ತಡೆಯಲು ಕೈಯೊಡ್ಡಿದವರಿಗೆ ಅದು ಸಹಜ. ಆ ಗುರುತು ಅಲ್ಲೇ ಇತ್ತು. ಅದನ್ನು ಓದುವವರು ಇರಲಿಲ್ಲ.

ಹೆಣ್ಣುಮಕ್ಕಳನ್ನು ಮನೆಯೊಳಗಿನ ಹಿಂಸೆಯಿಂದ ಕಾಯಲು ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಕಾನೂನುಗಳ ಸಾಲೇ ಇದೆ. ಆದರೆ ಆ ಕಾನೂನಿನ ಬಾಗಿಲಲ್ಲಿ ನಿಂತ ಪೇದೆ, ನರ್ಸು, ವೈದ್ಯ, ತಹಶೀಲ್ದಾರರ ಕಣ್ಣು ಕಿವಿಗಳನ್ನು ಪಳಗಿಸುವ ಕೆಲಸ ಬಹಳ ತಡವಾಗಿ ಆರಂಭವಾಯಿತು. ಆ ತಡದ ಇತಿಹಾಸವನ್ನು ಬೆಂಗಳೂರಿನ ಮಗ್ಗುಲಲ್ಲೇ ಇರುವ ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ನಿಂತು ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ.

ಸಂಸ್ಥಾನದ ಕಾಲದ ಕಾನೂನು

ಈ ಮೂರೂ ಊರುಗಳು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಬ್ರಿಟಿಷ್ ಇಂಡಿಯಾದ ಹಲವು ಭಾಗಗಳಿಗಿಂತ ಮೊದಲೇ ಹೆಂಗಸರ ಹಕ್ಕಿನ ಬಗ್ಗೆ ಯೋಚಿಸಿದ ಹೆಗ್ಗಳಿಕೆ ಮೈಸೂರಿಗಿದೆ. 1894ರಲ್ಲೇ ಶಿಶುವಿವಾಹ ತಡೆಗೆ ಇಲ್ಲಿ ಕಾಯಿದೆ ಬಂತು. 1933ರ ಹಿಂದೂ ಕಾನೂನು ಸ್ತ್ರೀ ಹಕ್ಕುಗಳ ಕಾಯಿದೆಯು ಸ್ತ್ರೀಧನ, ಆಸ್ತಿ, ದತ್ತು ಮುಂತಾದ ವಿಷಯಗಳಲ್ಲಿ ಹೆಣ್ಣಿನ ಸ್ಥಾನವನ್ನು ಬಲಪಡಿಸಿದ್ದಲ್ಲದೆ, ಕ್ರೌರ್ಯಕ್ಕೊಳಗಾದ ಹೆಂಡತಿ ಪ್ರತ್ಯೇಕವಾಗಿ ವಾಸಿಸುತ್ತ ಗಂಡನಿಂದ ಜೀವನಾಂಶ ಪಡೆಯಲೂ ದಾರಿ ಮಾಡಿಕೊಟ್ಟಿತು.

ಆದರೆ ಹಳ್ಳಿಯ ಹೆಂಗಸು ನ್ಯಾಯಾಲಯದ ಮೆಟ್ಟಿಲೇರುವ ಮುನ್ನ ಹಾದುಹೋಗಬೇಕಾದ ಕಟ್ಟೆಗಳು ಹಲವು. ಮೊದಲು ತವರು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂದು ನಂಬಿದ ತವರು ನಾಲ್ಕು ದಿನ ಇರಿಸಿಕೊಂಡು, ಮಡಿಲಕ್ಕಿ ಕಟ್ಟಿ ವಾಪಸು ಕಳಿಸುತ್ತಿತ್ತು. ಅನಂತರ ಅರಳೀಕಟ್ಟೆಯ ಹಿರಿಯರು. ಅವರು ಗಂಡನಿಗೆ ಬುದ್ಧಿ ಹೇಳಿ, ಹೆಂಡತಿಗೆ 'ಹೊಂದಿಕೊಂಡು ಹೋಗವ್ವ' ಎನ್ನುತ್ತಿದ್ದರು. ಕೆಲವೊಮ್ಮೆ ಇದರಿಂದ ಸಂಸಾರ ಉಳಿದದ್ದೂ ಉಂಟು. ಆದರೆ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ರಾಜಿಯಾದ ರಾತ್ರಿ ಮನೆಯೊಳಗೆ ಏನಾಗುತ್ತದೆ?

ತಹಶೀಲ್ದಾರರ ಹೊಸ ಕೆಲಸ

ಸ್ವಾತಂತ್ರ್ಯಾನಂತರ 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದರೂ ಅದು ಬಹುಕಾಲ ಕಾಗದದ ಮೇಲೇ ಉಳಿಯಿತು. 1970ರ ದಶಕದ ಕೊನೆಯಲ್ಲಿ ದೆಹಲಿ ಮೊದಲಾದ ನಗರಗಳಲ್ಲಿ ಸೊಸೆಯಂದಿರ ಸುಟ್ಟ ಸಾವುಗಳ ವಿರುದ್ಧ ಮಹಿಳೆಯರು ಬೀದಿಗಿಳಿದರು. ಬೆಂಗಳೂರಿನಲ್ಲಿ 'ವಿಮೋಚನಾ' ಸಂಘಟನೆ ಹುಟ್ಟಿದ್ದು 1979ರಲ್ಲಿ. ಈ ಚಳವಳಿಗಳ ಫಲವಾಗಿ 1983ರಲ್ಲಿ ಭಾರತೀಯ ದಂಡಸಂಹಿತೆಗೆ 498ಎ ಕಲಂ ಸೇರಿತು. ಗಂಡ ಅಥವಾ ಅವನ ನೆಂಟರ ಕ್ರೌರ್ಯ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಯಿತು. ದೇಹಕ್ಕೆ ಮಾತ್ರವಲ್ಲದೆ ಮನಸ್ಸಿಗೆ ಕೊಡುವ ಹಿಂಸೆಯನ್ನೂ ಆ ಕಲಂ ಕ್ರೌರ್ಯವೆಂದು ಕರೆಯಿತು. 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಂ ಬಂತು.

1983ರ ತಿದ್ದುಪಡಿಯಲ್ಲಿ ಅಷ್ಟಾಗಿ ಚರ್ಚೆಯಾಗದ ಮತ್ತೊಂದು ಅಂಶವಿತ್ತು. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯಾಸ್ಪದವಾಗಿ ಸತ್ತರೆ, ಪೊಲೀಸರಷ್ಟೇ ಅಲ್ಲ, ಮ್ಯಾಜಿಸ್ಟ್ರೇಟರೂ ವಿಚಾರಣೆ ನಡೆಸಬೇಕು. ತಾಲ್ಲೂಕುಗಳಲ್ಲಿ ಈ ಹೊಣೆ ತಾಲ್ಲೂಕು ದಂಡಾಧಿಕಾರಿಯೂ ಆದ ತಹಶೀಲ್ದಾರರ ಹೆಗಲಿಗೆ ಬಿತ್ತು. ಪಹಣಿ, ಪೋಡಿ, ಕಂದಾಯದ ಲೆಕ್ಕದಲ್ಲಿ ನುರಿತ ಅಧಿಕಾರಿ ಈಗ ಶವಾಗಾರದಲ್ಲಿ ನಿಂತು ಒಂದು ದೇಹವನ್ನು ಓದಬೇಕಾಯಿತು. ಕೊರಳಿನ ಗುರುತು ನೇಣಿನದೋ, ಕೈ ಬೆರಳುಗಳದೋ? ತವರಿನವರ ಹೇಳಿಕೆಯನ್ನು ಗಂಡನ ಮನೆಯವರ ಎದುರಿನಲ್ಲೇ ಪಡೆಯಬಹುದೇ? ಕಾನೂನು ಕೆಲಸವನ್ನು ವಹಿಸಿತು. ಅದನ್ನು ಮಾಡುವ ಬಗೆಯನ್ನು ಕಲಿಸಲಿಲ್ಲ.

ಸ್ಟೌ ಸಿಡಿದ ಲೆಕ್ಕ

ಕಲಿಸದಿದ್ದರೆ ಏನಾಗುತ್ತದೆಂಬುದು 1990ರ ದಶಕದ ಬೆಂಗಳೂರಿನಲ್ಲಿ ಬಯಲಾಯಿತು. 1997ರಲ್ಲಿ ನಗರದಲ್ಲಿ ದಾಖಲಾದ ಮಹಿಳೆಯರ ಅಸಹಜ ಸಾವುಗಳು 1,133. ಅವುಗಳಲ್ಲಿ 546 ಆತ್ಮಹತ್ಯೆ, 430 ಅಪಘಾತ ಎಂದು ವರ್ಗೀಕರಣಗೊಂಡವು. ಕೊಲೆಯೆಂದು ಪರಿಗಣಿತವಾದವು 157 ಮಾತ್ರ. ವಿಮೋಚನಾದ ಕಾರ್ಯಕರ್ತೆಯರು ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೂ ಠಾಣೆಗಳಿಗೂ ಅಲೆದು ಈ ಕಡತಗಳ ಬೆನ್ನು ಹತ್ತಿದಾಗ, 'ಅಪಘಾತ' ಎಂಬ ಪದದ ಹಿಂದೆ ಮತ್ತೆ ಮತ್ತೆ ಕಾಣಿಸಿಕೊಂಡದ್ದು ಒಂದೇ ಕಾರಣ: 'ಅಡುಗೆ ಮಾಡುವಾಗ ಸ್ಟೌ ಸಿಡಿಯಿತು'.

ಪಂಪ್ ಸ್ಟೌ ಸಿಡಿಯುವುದೇ ಇಲ್ಲವೆಂದಲ್ಲ. ಆದರೆ ಸಿಡಿದ ಸ್ಟೌವಿನ ಮೇಲೆ ಸಿಡಿದ ಗುರುತು ಇರಬೇಕು. ಒಲೆಯ ಮುಂದೆ ಕುಳಿತವಳಿಗೆ ಬಹುಮಟ್ಟಿಗೆ ಕೈ, ಎದೆ, ತೊಡೆಗಳು ಸುಡುತ್ತವೆ. ನೆತ್ತಿಯೂ ಬೆನ್ನೂ ಸುಟ್ಟಿದ್ದರೆ, ತಲೆಗೂದಲಿನಲ್ಲಿ ಸೀಮೆಎಣ್ಣೆಯ ವಾಸನೆ ಇದ್ದರೆ, ಸ್ಟೌ ಮೂಲೆಯಲ್ಲಿ ಹಾಗೆಯೇ ಕುಳಿತಿದ್ದರೆ ಬೇರೆ ಪ್ರಶ್ನೆಗಳನ್ನು ಕೇಳಲೇಬೇಕು. ಇವು ವಿಧಿವಿಜ್ಞಾನದ ಮೊದಲ ಪಾಠಗಳು. ಆದರೂ ಮಹಜರಿಗೆ ಹೋದ ಕಣ್ಣುಗಳು ಅವನ್ನು ಹುಡುಕದಿದ್ದಾಗ ಕಡತ ಮುಚ್ಚುತ್ತಿತ್ತು.

ತುಮಕೂರು ಜಿಲ್ಲೆಗೆ ಈ ಕಥೆ ದೂರದ್ದಲ್ಲ. ತೀವ್ರವಾಗಿ ಸುಟ್ಟವರನ್ನು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಸಾಗಿಸುವುದು ಸುತ್ತಲಿನ ಊರುಗಳ ವಾಡಿಕೆ. ಘಟನೆ ಕುಣಿಗಲ್ಲಿನದು, ಸಾವು ಬೆಂಗಳೂರಿನದು. ಸಾಯುವವಳ ಹೇಳಿಕೆ ಒಂದೆಡೆ, ಸ್ಟೌ ಇನ್ನೊಂದೆಡೆ. ಆಂಬುಲೆನ್ಸಿನಲ್ಲಿ ಜೊತೆಗೆ ಬಂದವರು, ಮಕ್ಕಳನ್ನು ಮನೆಯಲ್ಲಿಟ್ಟುಕೊಂಡವರು ಗಂಡನ ಕಡೆಯವರೇ ಆಗಿದ್ದರೆ, ಹಾಸಿಗೆಯ ಮೇಲಿರುವವಳು ಯಾರ ಮುಖ ನೋಡುತ್ತ ಮಾತಾಡಬೇಕು? ಈ ಮೊದಲ ಗಂಟೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಕರ್ತವ್ಯದ ವೈದ್ಯರು ಅವಳನ್ನು ಒಂಟಿಯಾಗಿ ಮಾತಾಡಿಸಿ, ಅವಳದೇ ಮಾತುಗಳಲ್ಲಿ ಬರೆದಿಟ್ಟರೋ ಇಲ್ಲವೋ ಎಂಬುದರ ಮೇಲೆ ಮುಂದಿನ ಇಡೀ ಪ್ರಕರಣ ನಿಲ್ಲುತ್ತದೆ.

ತರಬೇತಿಯೇ ಕಾನೂನಾದಾಗ

2005ರಲ್ಲಿ ಸಂಸತ್ತು ಅಂಗೀಕರಿಸಿ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ ಎರಡು ಕಾರಣಗಳಿಗೆ ಹೊಸದು. ಹೊಡೆತವನ್ನಷ್ಟೇ ಅಲ್ಲ, ಹೀಯಾಳಿಕೆ, ಲೈಂಗಿಕ ಬಲವಂತ, ಮನೆಖರ್ಚಿಗೆ ಹಣ ಕೊಡದಿರುವುದು, ಮನೆಯಿಂದ ಹೊರದಬ್ಬುವುದು ಇವೆಲ್ಲವನ್ನೂ ಅದು ದೌರ್ಜನ್ಯವೆಂದು ಹೆಸರಿಸಿತು. ಜೊತೆಗೆ, ಪೊಲೀಸರೂ ನ್ಯಾಯಾಂಗದವರೂ ಸೇರಿದಂತೆ ಅಧಿಕಾರಿಗಳಿಗೆ ಕಾಲಕಾಲಕ್ಕೆ ತರಬೇತಿ ಕೊಡುವುದು ಸರ್ಕಾರದ ಕರ್ತವ್ಯವೆಂದು 11ನೇ ಕಲಮಿನಲ್ಲಿ ಬರೆಯಿತು. ಅರಿಯದವರ ಕೈಯಲ್ಲಿ ಕಾನೂನು ಕೆಲಸ ಮಾಡದು ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು, ಅಂದರೆ ಜನರ ಬಾಯಲ್ಲಿ 'ಸಿ.ಡಿ.ಪಿ.ಓ.' ಆದವರನ್ನು, ಸಂರಕ್ಷಣಾಧಿಕಾರಿಗಳನ್ನಾಗಿ ನೇಮಿಸಲಾಯಿತು. ಅಂಗನವಾಡಿಯ ಆಹಾರ, ಮಕ್ಕಳ ತೂಕ, ಕಟ್ಟಡದ ದುರಸ್ತಿಗಳ ನಡುವೆ ಇನ್ನೊಂದು ಹೊಣೆ. ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕಿನ ಹೆಂಗಸು ದೂರು ಕೊಡಲು ತುಮಕೂರಿಗೋ ಬೆಂಗಳೂರಿಗೋ ಹೋಗದೆ ತಾಲ್ಲೂಕು ಕೇಂದ್ರದಲ್ಲೇ ಅಧಿಕಾರಿಯನ್ನು ಕಾಣಬಹುದೆಂಬುದು ಇದರ ದೊಡ್ಡ ಅನುಕೂಲ. ಆ ಅಧಿಕಾರಿ ಕೌಟುಂಬಿಕ ಘಟನಾ ವರದಿ ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು. ಅರ್ಜಿ ತಲುಪಿದ ಮೇಲೆ ಸಾಮಾನ್ಯವಾಗಿ 3 ದಿನಗಳೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನಗಳೊಳಗೆ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾಯಿದೆ ಹೇಳುತ್ತದೆ. ಆಸ್ಪತ್ರೆಗಳೂ ಹೊರಗಲ್ಲ. ವರದಿಯಿಲ್ಲದೆ ಬಂದವಳಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ವೈದ್ಯರೇ ಆ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕೆಂದು 2006ರ ನಿಯಮಗಳಲ್ಲಿದೆ. ಈ ನಿಯಮ ತಿಳಿದ ವೈದ್ಯರಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.

ಕಣ್ಣು, ಕಿವಿ, ಮಾತು

ಗಾಯವನ್ನು ಓದುವ ವಿದ್ಯೆಯನ್ನು ವೈದ್ಯಲೋಕ ಮೊದಲು ಕಲಿತದ್ದು ಮಕ್ಕಳಿಂದ. 1946ರಲ್ಲಿ ಅಮೆರಿಕದ ಕ್ಷ-ಕಿರಣ ತಜ್ಞ ಜಾನ್ ಕ್ಯಾಫಿ, ತಲೆಯೊಳಗೆ ರಕ್ತಸ್ರಾವವಾದ ಶಿಶುಗಳ ಕೈಕಾಲುಗಳಲ್ಲಿ ಕಾರಣ ಹೇಳದ ಮೂಳೆಮುರಿತಗಳಿರುವುದನ್ನು ಗುರುತಿಸಿದರು. 1962ರಲ್ಲಿ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಅದಕ್ಕೆ 'ಹೊಡೆತ ತಿಂದ ಮಗು'ವಿನ ಲಕ್ಷಣಗಳೆಂದು ಹೆಸರಿಟ್ಟರು. ಹೆಸರು ಸಿಕ್ಕ ಮೇಲೆ ಎಲ್ಲೆಡೆಯ ವೈದ್ಯರಿಗೆ ಅದು ಕಾಣತೊಡಗಿತು. ಹೆಂಗಸರ ವಿಷಯದಲ್ಲಿ ಭಾರತದ ಮೊದಲ ದೊಡ್ಡ ಹೆಜ್ಜೆ ಮುಂಬಯಿಯದು. 2000ದ ಸುಮಾರಿಗೆ ಅಲ್ಲಿನ ಬಾಂದ್ರಾದ ಭಾಭಾ ಪಾಲಿಕೆ ಆಸ್ಪತ್ರೆಯಲ್ಲಿ 'ದಿಲಾಸಾ' ಕೇಂದ್ರ ಆರಂಭವಾಗಿ, ಆಸ್ಪತ್ರೆಯ ಸಿಬ್ಬಂದಿಗೇ ತರಬೇತಿ ದೊರೆಯಿತು. ಬೆಂಗಳೂರಿನಲ್ಲಿ ಪಾಲಿಕೆಯ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ನರ್ಸುಗಳಿಗಾಗಿ 'ಸೌಖ್ಯ' ಎಂಬ ಯೋಜನೆ ನಡೆಯಿತು. ರಾಜ್ಯದ ಪೊಲೀಸ್ ಇಲಾಖೆಯೂ 2000ದ ದಶಕದಲ್ಲಿ ಯುನಿಸೆಫ್ ಜೊತೆಗೂಡಿ ಲಿಂಗ ಸಂವೇದನೆಯ ತರಬೇತಿಯನ್ನು ಕೈಗೊಂಡಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವೈದ್ಯಕೀಯ ಸಿಬ್ಬಂದಿಗೆ ಮಾರ್ಗಸೂಚಿ ಹೊರಡಿಸಿತು.

ಇಂಥ ತರಬೇತಿಗಳ ಸಾರ ದೊಡ್ಡ ಶಾಸ್ತ್ರವೇನಲ್ಲ. ಹೆಂಗಸನ್ನು ಒಂಟಿಯಾಗಿ ಮಾತಾಡಿಸುವುದು ಮೊದಲನೆಯದು. ಅವಳು ಹೇಳಿದ್ದನ್ನು ನಂಬುವುದು ಎರಡನೆಯದು. 'ನೀನೇನು ಮಾಡಿದೆ?' ಎಂದು ಕೇಳದಿರುವುದು ಮೂರನೆಯದು. ಗಾಯ ಎಲ್ಲಿದೆ, ಎಷ್ಟಿದೆ, ಯಾರು ಮಾಡಿದ್ದೆಂದು ಅವಳು ಹೇಳಿದಳು ಎಂಬುದನ್ನು ದಾಖಲಿಸುವುದು, ಇಂದು ರಾತ್ರಿ ಮನೆಗೆ ಹೋಗುವುದು ಕ್ಷೇಮವೇ ಎಂದು ವಿಚಾರಿಸುವುದು ಉಳಿದವು. 'ಅವನನ್ನು ಬಿಟ್ಟು ಬಾ' ಎಂದು ಅವಸರಪಡಿಸುವುದೂ ತಪ್ಪು. ಹೆಂಡತಿ ಮನೆ ಬಿಡಹೊರಟ ಸಮಯವೇ ಎಷ್ಟೋ ಬಾರಿ ಹೆಚ್ಚು ಅಪಾಯದ್ದು.

ಭಾಷೆಯೂ ಇಲ್ಲಿ ಮುಖ್ಯ. ಈ ಸೀಮೆಯ ಹೆಂಗಸು 'ಗಂಡ ಹೊಡೆಯುತ್ತಾನೆ' ಎಂದು ನೇರವಾಗಿ ಹೇಳುವುದು ಕಡಿಮೆ. 'ನಮ್ಮನೆಯವರಿಗೆ ಸಿಟ್ಟು ಜಾಸ್ತಿ', 'ಒಂದೊಂದ್ಸಲ ಕೈ ಮಾಡ್ತಾರೆ', 'ಮನೇಲಿ ಸ್ವಲ್ಪ ತೊಂದ್ರೆ' ಎನ್ನುತ್ತಾಳೆ. ತಿಂಗಳಿಗೆ ಮೂರು ಬಾರಿ ತಲೆನೋವು, ನಿದ್ದೆಯಿಲ್ಲವೆಂದು ಬರುವುದೂ ಒಂದು ಮಾತೇ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಇದು ವೈದ್ಯರಿಗಿಂತ ಬೇಗ ಕೇಳಿಸುತ್ತದೆ. ತರಬೇತಿ ಅಲ್ಲಿಯವರೆಗೂ ಇಳಿಯಬೇಕಾದ ಕಾರಣ ಇದೇ.

ಕೇಳಿದರೆ ಹೇಳುತ್ತಾರೆ

ಕೇಳುವ ಕ್ರಮದ ಮಹತ್ವವನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಅದರಲ್ಲಿ ಒಂದು ಮನೆಯಿಂದ ಒಬ್ಬ ಮಹಿಳೆಯನ್ನು ಮಾತ್ರ, ಬೇರಾರೂ ಇಲ್ಲದಾಗ, ವಿಶೇಷ ತರಬೇತಿ ಪಡೆದವರು ಈ ಪ್ರಶ್ನೆ ಕೇಳುತ್ತಾರೆ. 2015-16ರಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ 20.6 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. 2019-20ರ ಸುತ್ತಿನಲ್ಲಿ ಅದು ಶೇ 44.4 ಆಯಿತು, ದೇಶದಲ್ಲೇ ಅತಿ ಹೆಚ್ಚು. ಇದೇ ಸಮೀಕ್ಷೆಯ ಪ್ರಕಾರ, ಹಿಂಸೆಗೊಳಗಾದ ಭಾರತೀಯ ಮಹಿಳೆಯರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಶೇ 77 ಮಂದಿ ಯಾರೊಂದಿಗೂ ಬಾಯಿಬಿಟ್ಟಿಲ್ಲ. ಸಮೀಕ್ಷೆಯವರೆದುರು ಬಾಯಿಬಿಟ್ಟವರು ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಬಿಡುವುದಿಲ್ಲವೆಂದರೆ, ಕೊರತೆ ಅವರ ಧೈರ್ಯದ್ದು ಮಾತ್ರವಲ್ಲ.

ವ್ಯವಸ್ಥೆಗಳೇನೋ ಹೆಚ್ಚಿವೆ. 2000-01ರಲ್ಲಿ ರಾಜ್ಯದ 'ಸಾಂತ್ವನ' ಯೋಜನೆ ಬಂತು, 2015ರಿಂದ ಕೇಂದ್ರದ 'ಸಖಿ' ಕೇಂದ್ರಗಳು ಬಂದವು, 181 ಸಹಾಯವಾಣಿಯಿದೆ. 2024ರ ಜುಲೈ 1ರಿಂದ ದಂಡಸಂಹಿತೆಯ ಬದಲು ಭಾರತೀಯ ನ್ಯಾಯಸಂಹಿತೆ ಜಾರಿಯಾಗಿ, 498ಎ ಕಲಂ 85 ಮತ್ತು 86 ಆಯಿತು, 304ಬಿ ಕಲಂ 80 ಆಯಿತು. ಸುಳ್ಳು ದೂರುಗಳ ಆಕ್ಷೇಪವೂ ಉಂಟು. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೂರು ಬಂದೊಡನೆ ಯಾಂತ್ರಿಕವಾಗಿ ಬಂಧಿಸಕೂಡದೆಂದು ಹೇಳಿತು. ನಿಜ ಸುಳ್ಳುಗಳನ್ನು ಬೇರ್ಪಡಿಸಬಲ್ಲದ್ದೂ ಮೊದಲ ದಿನದ ನಿಖರ ದಾಖಲೆಯೇ ಆದ್ದರಿಂದ, ಪಳಗಿದ ಅಧಿಕಾರಿಯಿಂದ ಇಬ್ಬರಿಗೂ ಒಳಿತು. 2025ರ ಮೇ ತಿಂಗಳಲ್ಲೂ, ಕಾಯಿದೆ ಬಂದು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ, ಜಿಲ್ಲೆ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿರೆಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶನ ಕೊಡಬೇಕಾಯಿತು.

ಮತ್ತೆ ಆ ಆಸ್ಪತ್ರೆಯ ಸಾಲಿಗೆ ಬರುವುದಾದರೆ, ಅಲ್ಲಿ ಬೇಕಾದದ್ದು ಹೊಸ ಕಟ್ಟಡವಲ್ಲ, ಹೊಸ ಯಂತ್ರವಲ್ಲ. 'ಅಜ್ಜಿ, ನೀವು ಹೋಗಿ ಔಷಧಿ ಕೌಂಟರಿನಲ್ಲಿ ಈ ಚೀಟಿ ಕೊಟ್ಟು ಬನ್ನಿ' ಎಂದು ಅತ್ತೆಯನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, 'ಈಗ ಹೇಳಮ್ಮ, ಇದು ಹೇಗಾಯ್ತು?' ಎಂದು ಎರಡನೆಯ ಬಾರಿ ಕೇಳಬಲ್ಲ ಒಬ್ಬ ನರ್ಸು ಸಾಕು. ಆ ಪ್ರಶ್ನೆಗೆ ತಗಲುವುದು ಐದು ನಿಮಿಷ. ಅದನ್ನು ಕೇಳಬೇಕೆಂದು ತಿಳಿಯಲು ನಮ್ಮ ವ್ಯವಸ್ಥೆಗೆ ಹಲವು ದಶಕಗಳೇ ಹಿಡಿದವು.