ನಿಂತಿತೋ, ಚದುರಿತೋ? ಜೀಬ್ರಾ ಮೀನಿನ ಅಂಗಗಳ ಗಡಿಯಾರದ ಬಗೆಗಿನ ಒಂದು ತಪ್ಪು ಓದು

ಜೀಬ್ರಾ ಮೀನಿನ ಅಂಗಗಳಿಗೆ ಮಿದುಳನ್ನು ಕಾಯದೆ ನಡೆಯುವ ಸ್ವಂತ ಗಡಿಯಾರಗಳಿವೆ ಎಂಬುದರಲ್ಲಿ ಈಗ ತಕರಾರಿಲ್ಲ. ಆದರೆ ಇದನ್ನು ಒಪ್ಪಿದವರಲ್ಲಿ ಹಲವರು ಅದೇ ಉಸಿರಿನಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ: ಈ ಗಡಿಯಾರಗಳು ದುರ್ಬಲ, ಬೆಳಕು ತಪ್ಪಿದರೆ ಕೆಲವೇ ದಿನಗಳಲ್ಲಿ ನಿಂತುಬಿಡುತ್ತವೆ. ಇದಕ್ಕೆ ಆಧಾರವೆಂದು ತೋರಿಸುವ ಸಾಕ್ಷ್ಯ ಹಾಗೆ ಹೇಳುವುದೇ ಇಲ್ಲ ಎಂಬುದು ನನ್ನ ವಾದ.

ಡೇವಿಡ್ ವಿಟ್‌ಮೋರ್, ಪಾವೊಲೊ ಸಸೋನೆ-ಕೋರ್ಸಿ ಮತ್ತು ಸಂಗಡಿಗರು 1998ರಲ್ಲಿ ಮೀನಿನ ದೇಹದಿಂದ ಬೇರ್ಪಡಿಸಿದ ಹೃದಯ ಮತ್ತು ಮೂತ್ರಪಿಂಡಗಳಲ್ಲಿಯೂ ಕ್ಲಾಕ್ ಜೀನಿನ ಆರ್‌ಎನ್‌ಎ ದಿನಕ್ಕೊಮ್ಮೆ ಏರಿಳಿಯುವುದನ್ನು ತೋರಿಸಿದರು. 2000ದಲ್ಲಿ ಅದೇ ಬಳಗ, ಬೆಳಕು ಕಣ್ಣಿನ ಹಂಗಿಲ್ಲದೆ ನೇರವಾಗಿ ಈ ಅಂಗಗಳ ಮೇಲೆಯೇ ಬಿದ್ದು ಗಡಿಯಾರವನ್ನು ಹೊಂದಿಸುತ್ತದೆ ಎಂದು ಸ್ಥಾಪಿಸಿತು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಈ ಮೀನಿನ ಜೀವಕೋಶಗಳನ್ನು ಸತತ ಕತ್ತಲಲ್ಲಿಟ್ಟಾಗ ಮಾತ್ರ ಏರಿಳಿತ ದಿನೇದಿನೇ ತಗ್ಗಿ, ಗೆರೆ ಚಪ್ಪಟೆಯಾಗುತ್ತದೆ. ಇಡೀ ವಿವಾದ ನಿಂತಿರುವುದು ಈ ಚಪ್ಪಟೆ ಗೆರೆಯ ಮೇಲೆ.

ಈ ಗೆರೆ ಸಾವಿರಾರು ಕೋಶಗಳ ಒಟ್ಟು ಮೊತ್ತ. ಅದು ಚಪ್ಪಟೆಯಾಗಲು ಎರಡು ದಾರಿಗಳಿವೆ. ಒಂದು, ಪ್ರತಿ ಕೋಶದ ಗಡಿಯಾರವೂ ನಿಂತಿರಬೇಕು. ಇನ್ನೊಂದು, ಎಲ್ಲವೂ ನಡೆಯುತ್ತಲೇ ಇದ್ದು ಒಂದರ ವೇಳೆ ಇನ್ನೊಂದಕ್ಕೆ ತಾಳೆಯಾಗದೆ ಹೋಗಿರಬೇಕು. ನೂರು ಡೊಳ್ಳುಗಳು ತಮ್ಮತಮ್ಮ ಲಯದಲ್ಲಿ ಬಾರಿಸಿದರೆ ಊರಾಚೆ ನಿಂತವನಿಗೆ ಬರೀ ಮೊಳಗು ಕೇಳಿಸುತ್ತದೆ, ತಾಳ ಸಿಗುವುದಿಲ್ಲ. ತಾಳ ಸಿಗಲಿಲ್ಲವೆಂದು ಡೊಳ್ಳಿನವರೆಲ್ಲ ಕೈಬಿಟ್ಟರೆಂದು ತೀರ್ಮಾನಿಸುವುದು ಸಲ್ಲದು.

‘ಬೆಳಕು ಕೊಟ್ಟೊಡನೆ ಲಯ ಮರಳಿತು, ಆದ್ದರಿಂದ ಅದು ನಿಂತಿದ್ದುದು ನಿಜ’ ಎಂಬ ಸಮರ್ಥನೆಯನ್ನು ಹಲವು ಸಲ ಓದಿದ್ದೇನೆ. ಇದೂ ನಿಲ್ಲದು. ಬೆಳಕು ನಿಂತದ್ದನ್ನು ಚಾಲೂ ಮಾಡಿದರೂ ಚದುರಿದ್ದನ್ನು ಒಟ್ಟುಗೂಡಿಸಿದರೂ ಮೊತ್ತದ ಗೆರೆ ಒಂದೇ ರೀತಿ ಏಳುತ್ತದೆ. ತೀರ್ಪು ಕೊಡಬಲ್ಲದ್ದು ಒಂದೊಂದು ಕೋಶವನ್ನೂ ಬೇರೆಬೇರೆಯಾಗಿ ನೋಡುವ ಪ್ರಯೋಗ ಮಾತ್ರ.

ಆ ಪ್ರಯೋಗ 2005ರಲ್ಲೇ ನಡೆದಿದೆ. ಅಮಾಂಡಾ ಕಾರ್ ಮತ್ತು ವಿಟ್‌ಮೋರ್ ಪೀರಿಯಡ್-4 ಜೀನಿನ ಚಟುವಟಿಕೆಗೆ ಮಿನುಗು ಹೊಮ್ಮಿಸುವ ಲೂಸಿಫರೇಸ್ ಕಿಣ್ವವನ್ನು ಜೋಡಿಸಿ, ಒಂಟಿ ಕೋಶಗಳು ಮಿನುಗುವುದನ್ನು ಕತ್ತಲಲ್ಲಿ ಹಿಂಬಾಲಿಸಿದರು. ಒಟ್ಟು ಮಿನುಗು ತಗ್ಗುತ್ತಿದ್ದಾಗಲೂ ಬಿಡಿ ಕೋಶಗಳು ಏರಿಳಿಯುತ್ತಲೇ ಇದ್ದವು. ಅವುಗಳ ವೇಳೆ ಚೆಲ್ಲಾಪಿಲ್ಲಿಯಾಗಿತ್ತು, ಆವರ್ತದ ಉದ್ದವೂ ಹಿಗ್ಗಿ ಕುಗ್ಗುತ್ತಿತ್ತು. ಒಮ್ಮೆ ಬೆಳಕು ಸೋಕಿದ್ದೇ ತಡ, ಚದುರಿದವೆಲ್ಲ ಒಂದೇ ವೇಳೆಗೆ ಬಂದು ಕೂಡಿದವು. ಇದರ ಯಂತ್ರವೂ ಬೇಗನೆ ತಿಳಿಯಿತು: 2007ರಲ್ಲಿ ಅದೇ ಪ್ರಯೋಗಶಾಲೆ, ಬೆಳಕಿಗೆ ಏರುವ ಕ್ರಿಪ್ಟೋಕ್ರೋಮ್-1ಎ ಎಂಬ ಪ್ರೋಟೀನು ಗಡಿಯಾರವನ್ನು ನಡೆಸುವ ಕ್ಲಾಕ್–ಬಿಮ್ಯಾಲ್ ಜೋಡಿಯನ್ನು ತಡೆಯುತ್ತದೆ ಎಂದು ತೋರಿಸಿತು. ಎಲ್ಲ ಕೋಶಗಳಲ್ಲೂ ಒಟ್ಟಿಗೆ ಬೀಳುವ ಇಂಥ ತಡೆಯಿಂದ ಅವು ಮುಂದೆ ಒಟ್ಟಿಗೇ ಹೊರಡುವುದು ಸಹಜ. ಇಷ್ಟಾದ ಮೇಲೂ ‘ಬೆಳಕಿಲ್ಲದೆ ನಿಲ್ಲುವ ಗಡಿಯಾರ’ ಎಂದು ಬರೆಯುವವರು 2005ರ ಲೇಖನದ ಹೆಸರು ಹೇಳಿ ಮುಂದೆ ಸಾಗುತ್ತಾರೆ, ಒಳಗನ್ನು ಓದುವುದಿಲ್ಲ.

ಭ್ರೂಣದ ಗಡಿಯಾರದ ಚರ್ಚೆಯೂ ಇದೇ ಹಾದಿಯಲ್ಲಿ ಸಾಗಿತು. 2000ದಲ್ಲಿ ಡೆಲೋನೆ ಬಳಗ ಅದು ತಾಯಿಯಿಂದ ಬಂದ ಬಳುವಳಿ ಎಂದಿತು. 2005ರಲ್ಲಿ ಕನೆಕೊ ಮತ್ತು ಕಾಹಿಲ್, ಲಯ ಕಾಣಿಸಿಕೊಳ್ಳಲು ಬೆಳಕು ಬೇಕೆಂದರು. ಗಡಿಯಾರ ತಾನಾಗಿಯೇ ಶುರುವಾಗುತ್ತದೆ, ಹೊರಗಿನ ಸುಳಿವಿಲ್ಲದಿದ್ದರೆ ಕೋಶಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು 2008ರಲ್ಲಿ ಡೆಕೆನ್ಸ್ ಮತ್ತು ವಿಟ್‌ಮೋರ್ ತೋರಿಸಿದಾಗ ಗೊಂದಲ ತಿಳಿಯಾಯಿತು.

ನನ್ನ ವಾದಕ್ಕೂ ಒಂದು ಮಿತಿ ಇದೆ. 2005ರ ಕೋಶಗಳು ತಟ್ಟೆಯಲ್ಲಿ ಬೆಳೆಸಿದವು. ಹೃದಯದಲ್ಲಿ ಕೋಶಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ, ಅಲ್ಲಿ ಚದುರುವಿಕೆ ಇಷ್ಟೇ ಇರಬೇಕೆಂದಿಲ್ಲ. ಆದರೆ ಅನುಮಾನ ಇದ್ದಲ್ಲಿ ‘ನಿಂತಿದೆ’ ಎನ್ನುವವರೂ ಅದನ್ನು ಸಾಬೀತು ಮಾಡಬೇಕಾಗುತ್ತದೆ.

ಇದನ್ನು ಹಳೆಯ ವ್ಯಾಜ್ಯವೆಂದು ಬದಿಗಿಡುವಂತಿಲ್ಲ. ಇಂದು ಯಕೃತ್ತು, ಮಿದುಳು, ಸ್ನಾಯುಗಳನ್ನು ಅರೆದು ಆರ್‌ಎನ್‌ಎ ತೆಗೆದು, ಯಾವ ಅಂಗದಲ್ಲಿ ಎಷ್ಟು ಜೀನ್‌ಗಳು ದಿನದ ಲಯಕ್ಕೆ ಓಗೊಡುತ್ತವೆ ಎಂದು ಪಟ್ಟಿ ಮಾಡುತ್ತೇವೆ. ಅರೆದ ಗಳಿಗೆಯಲ್ಲೇ ಕೋಶಗಳೆಲ್ಲ ಒಂದು ಮೊತ್ತವಾಗಿಬಿಡುತ್ತವೆ. ಕತ್ತಲಲ್ಲಿಟ್ಟ ಮೀನಿನ ಪಟ್ಟಿಯಿಂದ ಒಂದು ಜೀನ್ ಬಿಟ್ಟುಹೋದರೆ, ಅದಕ್ಕೆ ಲಯವಿಲ್ಲವೆಂದು ಬರೆಯುವ ಮುನ್ನ ಕೋಶಗಳನ್ನು ಬಿಡಿಬಿಡಿಯಾಗಿ ಕೇಳಬೇಕು.