ಫೀಲ್ ಆಗಬ್ಯಾಡಲೇ

ಯಲಬುರ್ಗಾ ತಾಲ್ಲೂಕಿನ ಬೇವೂರಿನ ಕಡೆ ಯಾರಾದರೂ ‘ಫೀಲಿಂಗ್ ಸಾಂಗ್ ಹಚ್ಚಲೇ’ ಅಂದರೆ ಯಾವ ಹಾಡು ಹಚ್ಚಬೇಕೆಂದು ಟ್ರ್ಯಾಕ್ಟರಿನ ಡ್ರೈವರನಿಗೆ ಬಿಡಿಸಿ ಹೇಳಬೇಕಿಲ್ಲ. ಕುಣಿಯುವ ಹಾಡು ಹಚ್ಚಿದನೋ, ಬೈಸಿಕೊಂಡ. ಕೈಕೊಟ್ಟು ಹೋದ ಹುಡುಗಿ, ಬೇರೊಬ್ಬನ ಹೆಸರಿರುವ ಲಗ್ನಪತ್ರಿಕೆ, ರಾತ್ರಿಯೆಲ್ಲ ನಿದ್ದೆಯಿಲ್ಲದ ಹುಡುಗ, ಇಷ್ಟಿದ್ದರೆ ಅದು ಫೀಲಿಂಗ್ ಹಾಡು. ಯೂಟ್ಯೂಬಿನಲ್ಲಿ ಉತ್ತರ ಕರ್ನಾಟಕದ ಜಾನಪದ ಹಾಡುಗಳ ತಲೆಬರಹ ನೋಡುತ್ತ ಹೋಗಿ. ‘ಲವ್ ಫೀಲಿಂಗ್ ಜಾನಪದ’ ಅನ್ನುವ ಹೊಸ ಪಂಗಡವೇ ಹುಟ್ಟಿಕೊಂಡಿದೆ. ಖುಷಿಯೂ ಒಂದು ಫೀಲಿಂಗೇ ಅಲ್ಲವೇ ಎಂದು ಇಂಗ್ಲಿಷ್ ಬಲ್ಲವರು ಕೇಳಬಹುದು. ಇಂಗ್ಲಿಷಿನಲ್ಲಿ ಹೌದು. ಬೇವೂರಿನಲ್ಲಿ ಅಲ್ಲ.

ಇಂಗ್ಲಿಷಿನಲ್ಲಿ ಈ ಪದ ಮೊದಲು ಕೈಯ ಪದವಾಗಿತ್ತು: ಮುಟ್ಟಿ ನೋಡು, ತಡವಿ ನೋಡು. ಆಮೇಲೆ ಅದು ಮನಸ್ಸಿಗೆ ಏರಿತು. ಅಲ್ಲಿ ಚಳಿಯೂ ಫೀಲ್, ಹಸಿವೂ ಫೀಲ್, ಹಿಗ್ಗೂ ಫೀಲ್, ‘ನನ್ನ ಅಭಿಪ್ರಾಯದಲ್ಲಿ’ ಎನ್ನುವುದೂ ಫೀಲ್. ನಮ್ಮ ಕಡೆ ಬಂದಾಗ ಇಷ್ಟೆಲ್ಲ ಗಂಟನ್ನು ಬಾಗಿಲಲ್ಲೇ ಇಳಿಸಿ ಒಂದೇ ಅರ್ಥ ಹಿಡಿದುಕೊಂಡು ಒಳಗೆ ಬಂತು. ‘ಅವಂಗ ಭಾಳ ಫೀಲ್ ಆತು’ ಅಂದರೆ ಅವನ ಮನಸ್ಸು ನೊಂದಿತು. ‘ಫೀಲ್ ಆಗಬ್ಯಾಡಲೇ’ ಅಂದರೆ ನೊಂದುಕೊಳ್ಳಬೇಡ. ಯಾವುದರಿಂದ, ಎಂಥ ನೋವು ಎಂದು ವಿಶೇಷಣ ಸೇರಿಸುವ ಗೋಜೇ ಇಲ್ಲ. ಇದು ಕನ್ನಡವೊಂದೇ ಮಾಡಿದ ಕೆಲಸವೂ ಅಲ್ಲ. ತೆಲುಗಿನವರು, ತಮಿಳರು ‘ಫೀಲ್’ ಅಂದಾಗಲೂ ಮರುಗು, ನೊಂದುಕೊಳ್ಳು ಎಂಬ ಅರ್ಥವೇ ಎದ್ದು ಕಾಣುತ್ತದೆ. ದಕ್ಷಿಣದ ಭಾಷೆಗಳೆಲ್ಲ ಮಾತಾಡಿಕೊಂಡು ಇಂಗ್ಲಿಷಿನ ಒಂದು ಪದವನ್ನು ಹೀಗೆ ಕತ್ತರಿಸಿದಂತಿದೆ.

ವ್ಯಾಕರಣದಲ್ಲೂ ಅದು ನಮ್ಮ ಮಾತು ಕೇಳಿದೆ. ಇಂಗ್ಲಿಷಿನವನು ‘ನಾನು’ ಎಂದು ಮುಂದೆ ನಿಂತು ಫೀಲ್ ಮಾಡುತ್ತಾನೆ. ಕನ್ನಡದಲ್ಲಿ ಸಿಟ್ಟು ಬರುತ್ತದೆ, ನಾಚಿಕೆ ಆಗುತ್ತದೆ, ನೆನಪು ಆಗುತ್ತದೆ. ಇವೆಲ್ಲ ‘ನನಗೆ’ ಆಗುವಂಥವು, ನಾನು ಮಾಡುವಂಥವಲ್ಲ. ಆದ್ದರಿಂದ ಫೀಲ್ ಕೂಡ ‘ಆತು’.

ಹೊರಗಿನ ಪದ ಕರೆದು ಮನಸ್ಸಿನ ಮಾತು ಆಡುವುದು ಈ ಸೀಮೆಗೆ ಹೊಸದಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಆಡಳಿತದ ಭಾಷೆ ಉರ್ದು. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದು 1918ರಲ್ಲಿ. ಅದೇ ವರ್ಷ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಆ ಉಸ್ಮಾನಿಯಾದಲ್ಲೇ ಓದಿ, ‘ಕಾವ್ಯಾನಂದ’ನೆಂಬ ಹೆಸರಿನಲ್ಲಿ ಕನ್ನಡದ ಕವಿಯಾದರು. ಕಚೇರಿಯ ಆ ಉರ್ದು ಕಚೇರಿಯಲ್ಲೇ ಉಳಿಯಲಿಲ್ಲ, ಅಡುಗೆಮನೆಗೂ ಬಂತು. ಖುಷಿ, ಬೇಜಾರು ಪಾರಸಿಯವು. ಫಿಕರ್ ಅರಬ್ಬಿ ಮೂಲದ್ದು. ನಾರಾಜ್ ಅನ್ನುವುದರಲ್ಲಿ ಎರಡೂ ಬೆರೆತಿವೆ. ‘ಫಿಕರ್ ಮಾಡಬ್ಯಾಡವ್ವ’ ಎಂದು ಮಗಳಿಗೆ ಹೇಳುವ ಮುದುಕಿ ತಾನು ಅರಬ್ಬಿ ಮಾತಾಡಿದೆ ಎಂದುಕೊಳ್ಳುವುದಿಲ್ಲ. ಪಾರಸಿಯಲ್ಲಿ ಬೇಜಾರ್ ಅಂದರೆ ಜಿಗುಪ್ಸೆ, ತಡೆಯಲಾಗದ ರೋಸಿಕೆ. ನಮ್ಮಲ್ಲಿ ಅದು ಮಧ್ಯಾಹ್ನ ಕರೆಂಟು ಹೋದರೂ ಬರುವಷ್ಟು ಮೆತ್ತಗಾಗಿದೆ. ಮೊದಲೇ ಇದ್ದ ಕನ್ನಡದ ಬೇಸರಕ್ಕೆ ಹೆಚ್ಚುಕಮ್ಮಿ ಅದೇ ದನಿ ಇದ್ದದ್ದರಿಂದ ಎರಡೂ ಬೇಗ ಒಗ್ಗಿರಬೇಕು.

ಇಲ್ಲೊಂದು ವಿಚಿತ್ರ ನನ್ನನ್ನು ಕಾಡುತ್ತದೆ. ಭಾವನೆಗೆ ಇಷ್ಟು ಧಾರಾಳವಾಗಿ ಸಾಲ ತಂದವರು ಅಭಿಪ್ರಾಯಕ್ಕೆ ಮಾತ್ರ ಇಂಗ್ಲಿಷಿನ ಮುಂದೆ ಕೈ ಚಾಚಿದ್ದು ಕಡಿಮೆ. ಬೆಂಗಳೂರಿನಲ್ಲಿ ‘ಆಕ್ಚುಲಿ’, ‘ಐ ಥಿಂಕ್’ ಇಲ್ಲದೆ ಒಬ್ಬರೂ ಬಾಯಿ ಬಿಡುವುದಿಲ್ಲ. ಈ ಕಡೆಯ ಕಟ್ಟೆಯ ಮೇಲೆ ಅವಕ್ಕೆ ಕೆಲಸವಿಲ್ಲ. ‘ಚೊಲೊ ಐತಿ’, ‘ಖರೇ ಅಂದ್ರ’, ‘ಯಾಕೋ ಸರಿ ಕಾಣವಲ್ದು’, ‘ನಂಗ ಹಂಗ ಅನಸಲಿಲ್ಲಪ್ಪ’. ಎಲ್ಲಕ್ಕೂ ಮೇಲೆ ‘ಅಡ್ಡಿ ಇಲ್ಲ’. ಊಟ ಹೇಗಿತ್ತು? ಅಡ್ಡಿ ಇಲ್ಲ. ಹುಡುಗ ಹೇಗಿದ್ದಾನೆ? ಅಡ್ಡಿ ಇಲ್ಲ. ಶಾಸಕರು? ಅಡ್ಡಿ ಇಲ್ಲ. ಹೊಗಳಿಕೆಯೋ ಸಹನೆಯೋ ಎಂದು ಹೇಳಿದವನ ಹುಬ್ಬು ನೋಡಿಯೇ ತಿಳಿಯಬೇಕು. ಇಂಥದ್ದನ್ನು ಕೈಯಲ್ಲಿಟ್ಟುಕೊಂಡವರಿಗೆ ಇಂಗ್ಲಿಷಿನ ಅಭಿಪ್ರಾಯದ ಪದಗಳು ಯಾಕೆ ಬೇಕು?

ಮೈಯಲ್ಲಿ ಕಾಣುವ ಭಾವನೆಗೂ ನಮ್ಮದೇ ಪದಗಳಿವೆ: ಹೊಟ್ಟೆ ಉರಿ, ಎದಿ ಝಲ್ ಅಂತು, ಕರುಳು ಚುರ್ ಅಂತು. ಕರುಳು ಚುರ್ ಅನ್ನುವುದಕ್ಕೆ ಮಗು ಬೀಳಬೇಕು, ದನ ಸಾಯಬೇಕು. ಗೆಳೆಯ ಮದುವೆಗೆ ಕರೆಯಲಿಲ್ಲ, ಸಂಘದ ಫೋಟೋದಲ್ಲಿ ತನ್ನ ಮುಖ ಬರಲಿಲ್ಲ, ಇಂಥದ್ದಕ್ಕೆ ಕರುಳನ್ನು ಎಳೆದು ತಂದರೆ ನಾಲ್ಕು ಜನ ನಗುತ್ತಾರೆ. ‘ನನ್ನ ಮನಸ್ಸಿಗೆ ನೋವಾಯಿತು’ ಎಂದು ಮೀಸೆ ಬಂದ ಗಂಡಸು ಹೇಳಿಕೊಂಡರೆ ನಾಟಕದ ಮಾತಿನಂತೆ ಕೇಳುತ್ತದೆ. ಈ ಸಣ್ಣ ನೋವಿಗೆ ಗಂಡಸಿನ ಬಾಯಲ್ಲಿ ಪದವಿರಲಿಲ್ಲ ಎಂದೇ ನನ್ನ ಗುಮಾನಿ. ಸಿಟ್ಟು ಮಾಡಿಕೊಳ್ಳಲು ಅವನಿಗೆ ಪರವಾನಗಿ ಇತ್ತು, ನೊಂದುಕೊಳ್ಳಲು ಇರಲಿಲ್ಲ. ‘ಸ್ವಲ್ಪ ಫೀಲ್ ಆತು ನೋಡು’ ಅಂದರೆ ನೋವು ಹೇಳಿದಂತೆಯೂ ಆಯಿತು, ಮರ್ಯಾದೆ ಉಳಿದಂತೆಯೂ ಆಯಿತು. ಇಂಗ್ಲಿಷ್ ಆದ್ದರಿಂದಲೇ ಅದಕ್ಕೆ ತೂಕ ಕಡಿಮೆ. ಕನ್ನಡ ಕೆಟ್ಟಿತು ಎಂದು ಮೂಗು ಮುರಿಯುವವರು ಈ ಉಪಕಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಟೆನ್ಷನ್’ ಬಗ್ಗೆ ನನಗೆ ಇಷ್ಟು ಮರುಕವಿಲ್ಲ. ಅದು ಚಿಂತೆ, ಅವಸರ, ಭಯ, ಸಾಲ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಯಾವುದನ್ನೂ ಬಿಡಿಸಿ ಹೇಳಲು ಬಿಡುವುದಿಲ್ಲ.

ಪೇಚಿಗೆ ಸಿಗುವವರು ಶಾಲೆಯ ಮಕ್ಕಳು. 2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸುತ್ತಾರೆ. ‘ಐ ಫೀಲ್ ಹ್ಯಾಪಿ’ ಎಂಬ ವಾಕ್ಯ ಪುಸ್ತಕದಲ್ಲಿ ಬಂದಾಗ, ಬೀದಿಯಲ್ಲಿ ಫೀಲ್ ಅಂದರೆ ನೋವು ಎಂದು ಮೊದಲೇ ಕಲಿತ ಮಗುವಿಗೆ ಆ ವಾಕ್ಯ ಅಡ್ಡಾದಿಡ್ಡಿಯಾಗಿ ಕಾಣುವುದು ಸಹಜ. ಮಗುವಿನದು ತಪ್ಪು ತಿಳಿವಳಿಕೆ ಎಂದು ಅಳಿಸಿಹಾಕುವ ಬದಲು, ಇವು ಎರಡು ಬೇರೆ ಪದಗಳು, ಒಂದು ಇಂಗ್ಲಿಷಿನದು, ಇನ್ನೊಂದು ನಮ್ಮದು ಎಂದು ಮೇಷ್ಟ್ರು ಹೇಳಿಕೊಡಬಹುದು.

ನಿಘಂಟು ಮಾಡುವವರಲ್ಲೂ ಅದೇ ಕೋರಿಕೆ. ಮುಂದಿನ ಕನ್ನಡ ಕೋಶದಲ್ಲಿ ‘ಫೀಲ್’ ಎಂದು ನಮೂದಿಸಿ, ಎದುರಿಗೆ ‘ಮನಸ್ಸಿಗೆ ಆಗುವ ಸಣ್ಣ ನೋವು’ ಎಂದು ಬರೆಯಿರಿ. ಇಂಗ್ಲಿಷಿನ ಉಳಿದ ಅರ್ಥಗಳನ್ನು ಇಂಗ್ಲಿಷ್ ನಿಘಂಟಿಗೇ ಬಿಡಿ.